'ಅರ್ಥವಾಯಿತಾ?' ಎಂದು ಕೇಳುವ ಬದಲು

ಈ ಸಲದ ಓದುಗರ ಅಂಕಣ ಪೂರ್ತಿ ಕಾಲೇಜು ಉಪನ್ಯಾಸಕರದ್ದು. ಬಂದ ಪತ್ರಗಳ ವಿಷಯ ಬೇರೆ ಬೇರೆಯಾದರೂ ಹೆಚ್ಚಿನವುಗಳ ಅಳಲು ಒಂದೇ: ನಾವು ಚೆನ್ನಾಗಿ ಹೇಳಿಕೊಟ್ಟರೂ ವಿದ್ಯಾರ್ಥಿಗಳಿಗೆ ದಕ್ಕುತ್ತಿಲ್ಲ. ಹಾಗಾಗಿ ಉತ್ತರಗಳಲ್ಲೂ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ. ತರಗತಿಗೆ ತಯಾರಿ ನಡೆಸುವಾಗ 'ನಾನು ಏನು ಹೇಳಲಿ' ಎನ್ನುವುದಕ್ಕಿಂತ 'ಅವರು ಏನು ಮಾಡಬೇಕು' ಎಂದು ಯೋಚಿಸಿದರೆ ಇಲ್ಲಿನ ಅರ್ಧ ತೊಂದರೆಗಳಿಗೆ ದಾರಿ ಸಿಗುತ್ತದೆ.

ಪ್ರಶ್ನೆ: ಪ್ರತಿ ಟಾಪಿಕ್ ಮುಗಿದಾಗ 'ಅರ್ಥವಾಯಿತಾ?' ಎಂದು ಕೇಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಟೆಸ್ಟ್ ಕೊಟ್ಟರೆ ಅರ್ಧಕ್ಕರ್ಧ ಜನರಿಗೆ ಬುಡವೇ ಗೊತ್ತಿರುವುದಿಲ್ಲ. ಪ್ರಶ್ನೆ ಕೇಳಿದರೆ ಮುಂದಿನ ಬೆಂಚಿನ ಮೂವರು ಬಿಟ್ಟರೆ ಯಾರೂ ಬಾಯಿ ಬಿಡುವುದಿಲ್ಲ. — ಭೌತಶಾಸ್ತ್ರ ಉಪನ್ಯಾಸಕಿ

ಉತ್ತರ: ತಲೆಯಾಡಿಸುವವರು ಸುಳ್ಳು ಹೇಳುತ್ತಿಲ್ಲ. ಚೊಕ್ಕವಾದ ವಿವರಣೆ ಕೇಳುವಾಗ ಎಲ್ಲವೂ ತಿಳಿದಂತೆಯೇ ಅನಿಸುತ್ತದೆ. ಬೇರೆಯವರ ತರ್ಕವನ್ನು ಹಿಂಬಾಲಿಸುವುದು ಒಂದು, ಅದೇ ತರ್ಕವನ್ನು ತಾನೇ ಕಟ್ಟುವುದು ಇನ್ನೊಂದು. 'ಅರ್ಥವಾಯಿತಾ?' ಎಂಬ ಪ್ರಶ್ನೆ ಮೊದಲನೆಯದನ್ನಷ್ಟೇ ಅಳೆಯುತ್ತದೆ. ಆ ಪ್ರಶ್ನೆಯನ್ನು ಕೈಬಿಟ್ಟು, ತಪ್ಪು ತಿಳಿದವರು ತಪ್ಪು ಉತ್ತರವನ್ನೇ ಆರಿಸುವಂಥ ಪ್ರಶ್ನೆಯೊಂದನ್ನು ಮೊದಲೇ ಬರೆದಿಟ್ಟುಕೊಂಡು ಹೋಗಿ.

ನಿಮ್ಮ ವಿಷಯದಿಂದಲೇ ಒಂದು: ಚೆಂಡನ್ನು ನೇರ ಮೇಲಕ್ಕೆ ಎಸೆದಿದ್ದೇವೆ. ಅದು ಅತಿ ಎತ್ತರದ ಬಿಂದುವಿನಲ್ಲಿರುವ ಕ್ಷಣದಲ್ಲಿ ಅದರ ವೇಗೋತ್ಕರ್ಷ (ವೇಗ ಬದಲಾಗುವ ದರ) ಎಷ್ಟು? (1) ಸೊನ್ನೆ. (2) ಕೆಳಮುಖವಾಗಿ, ಸೆಕೆಂಡಿನ ವರ್ಗಕ್ಕೆ 9.8 ಮೀಟರ್. (3) ಅಷ್ಟೇ, ಆದರೆ ಮೇಲ್ಮುಖವಾಗಿ. ಮೊದಲನೆಯದನ್ನು ಆರಿಸುವವರು ವೇಗವನ್ನೂ ವೇಗೋತ್ಕರ್ಷವನ್ನೂ ಒಂದು ಮಾಡಿಕೊಂಡವರು. ಮೂರನೆಯದನ್ನು ಆರಿಸುವವರು 'ಎಸೆದ ಬಲ ಚೆಂಡಿನೊಳಗೆ ಇನ್ನೂ ಉಳಿದಿದೆ' ಎಂದು ನಂಬಿದವರು. ಕೈಗಳನ್ನು ನೋಡಿದೊಡನೆ ತರಗತಿಯಲ್ಲಿ ಯಾವ ತಪ್ಪು ಕಲ್ಪನೆ ಎಷ್ಟು ಹಬ್ಬಿದೆ ಎಂದು ನಿಮಗೆ ಗೊತ್ತಾಗುತ್ತದೆ. ತಪ್ಪು ಆಯ್ಕೆಗಳನ್ನು ಸುಮ್ಮನೆ ತುಂಬಿಸಬೇಡಿ. ಹಳೆಯ ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಂಡ ತಪ್ಪುಗಳನ್ನೇ ಆಯ್ಕೆಗಳಾಗಿಸಿ.

ನಡೆಸುವ ಕ್ರಮ ಹೀಗೆ. ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯಿರಿ. ಒಂದು ನಿಮಿಷ ಯಾರೂ ಮಾತಾಡುವಂತಿಲ್ಲ, ಪ್ರತಿಯೊಬ್ಬರೂ ಉತ್ತರದ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ನಂತರ ನೀವು 'ಈಗ' ಎಂದಾಗ ಎಲ್ಲರೂ ಒಟ್ಟಿಗೇ, ಬೆರಳುಗಳನ್ನು ಎದೆಗೆ ಒತ್ತಿ ತೋರಿಸಬೇಕು. ಕೈ ಮೇಲಕ್ಕೆತ್ತಿಸಿದರೆ ಪಕ್ಕದವರನ್ನು ನೋಡಿ ಎತ್ತುತ್ತಾರೆ, ಎದೆಯ ಹತ್ತಿರ ಹಿಡಿದದ್ದು ನಿಮಗಷ್ಟೇ ಕಾಣುತ್ತದೆ. ಸರಿ ಉತ್ತರ ಕೊಟ್ಟವರು ಸುಮಾರು ಶೇ. 30ರಿಂದ 70ರೊಳಗೆ ಇದ್ದರೆ, ಎರಡು-ಮೂರು ನಿಮಿಷ ಕೊಟ್ಟು 'ನಿಮ್ಮದಕ್ಕಿಂತ ಬೇರೆ ಉತ್ತರ ಬರೆದವರನ್ನು ಹುಡುಕಿ ಒಪ್ಪಿಸಿ' ಎನ್ನಿ. ಆಮೇಲೆ ಇನ್ನೊಮ್ಮೆ ಬೆರಳು ತೋರಿಸಲಿ. ಶೇ. 30ಕ್ಕಿಂತ ಕಡಿಮೆ ಇದ್ದರೆ ಚರ್ಚೆ ಕುರುಡರ ಸಂತೆಯಾಗುತ್ತದೆ, ನೀವೇ ಬೇರೆ ದಾರಿಯಿಂದ ಮತ್ತೆ ವಿವರಿಸುವುದು ಮೇಲು. ಶೇ. 70 ದಾಟಿದ್ದರೆ ಅರ್ಧ ನಿಮಿಷದಲ್ಲಿ ಉತ್ತರ ಹೇಳಿ ಮುಂದೆ ಹೋಗಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಎರಿಕ್ ಮಜೂರ್ 1991ರಿಂದ ದೊಡ್ಡ ತರಗತಿಗಳಲ್ಲಿ ಬಳಸುತ್ತ ಬಂದ ವಿಧಾನ ಇದು.

ಕೆಡುವುದು ಎಲ್ಲಿ? ಮೊದಲ ಸಲದ ಎಣಿಕೆಯನ್ನು ಬಾಯಿಬಿಟ್ಟು ಹೇಳಿದರೆ ಎಲ್ಲರೂ ಬಹುಮತದ ಕಡೆ ವಾಲುತ್ತಾರೆ. ಅದನ್ನು ಹೇಳಬೇಡಿ, ಮುಖದಲ್ಲೂ ತೋರಿಸಬೇಡಿ. ಚರ್ಚೆ ಐದು ನಿಮಿಷ ದಾಟಿದರೆ ಮಾತು ಬೇರೆಲ್ಲಿಗೋ ಹೋಗುತ್ತದೆ. ಕೊನೆಯಲ್ಲಿ ಸರಿ ಉತ್ತರವನ್ನಷ್ಟೇ ಹೇಳಿ ಮುಗಿಸುವುದೂ ತಪ್ಪು. 'ವೇಗವೂ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ ಆಗಿದ್ದರೆ ಚೆಂಡು ಅಲ್ಲೇ ನಿಂತುಬಿಡಬೇಕಿತ್ತಲ್ಲ?' ಎಂದು ತಪ್ಪು ಆಯ್ಕೆಯನ್ನು ಕೆಡವಿ ತೋರಿಸಿದರೇನೇ ಅದು ಹೋಗುವುದು.

ಮುಂದಿನ ಬೆಂಚಿನ ಮೂವರ ವಿಚಾರ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದು ನೋಡಿದಾಗ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಮಾತಾಡಿದರು. ಕಾಲೇಜು ಮಟ್ಟದ ಪ್ರಶ್ನೆಗೆ ಹತ್ತು ಸೆಕೆಂಡಾದರೂ ಬೇಕು. ಮನಸ್ಸಿನಲ್ಲಿ ಎಣಿಸಿ. ಆ ಮೌನ ನಿಮಗೆ ಕಷ್ಟವಾಗುತ್ತದೆ, ಅವರಿಗಲ್ಲ. ವಿದ್ಯಾರ್ಥಿ ಉತ್ತರ ಹೇಳಿ ನಿಲ್ಲಿಸಿದ ಮೇಲೂ ಮೂರು ಸೆಕೆಂಡು ಸುಮ್ಮನಿರಿ, ಅವರೇ ಕಾರಣವನ್ನೂ ಸೇರಿಸುತ್ತಾರೆ.

ಪ್ರಶ್ನೆ: ಇದೆಲ್ಲ ಓದಲು ಚೆನ್ನ. ಆದರೆ ಪೋರ್ಷನ್ ಮುಗಿಸುವುದು ಯಾವಾಗ? — ವಾಣಿಜ್ಯ ವಿಭಾಗದ ಉಪನ್ಯಾಸಕರು

ಉತ್ತರ: ನಿಮ್ಮ ಚಿಂತೆ ನ್ಯಾಯವಾದದ್ದೇ. ಆದರೆ ಮುಗಿದದ್ದು ನಿಮ್ಮ ಪೋರ್ಷನ್ನೋ ಅವರದ್ದೋ ಎಂಬುದನ್ನು ನೋಡಬೇಕು. ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ ಮೇಲಿನ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಬರೀ ಉಪನ್ಯಾಸದ ತರಗತಿಗಳಲ್ಲಿ ಸರಾಸರಿ ಶೇ. 33.8 ಜನ ಅನುತ್ತೀರ್ಣರಾಗಿದ್ದರು. ವಿದ್ಯಾರ್ಥಿಗಳು ಕೈಯಾರೆ ಏನಾದರೂ ಮಾಡುವ ತರಗತಿಗಳಲ್ಲಿ ಅದು ಶೇ. 21.8.

ಸಮಯವನ್ನು ಹೀಗೆ ಹುಡುಕಿ. ಒಂದು ಘಟಕವನ್ನು ಎದುರಿಗಿಟ್ಟುಕೊಂಡು ಪ್ರತಿ ಉಪವಿಷಯದ ಮುಂದೆ ಒಂದು ಗುರುತು ಹಾಕಿ: ಇದನ್ನು ಪುಸ್ತಕ ಓದಿಯೇ ತಿಳಿಯಬಹುದೇ, ಇಲ್ಲಿ ಎಲ್ಲರೂ ಎಡವುತ್ತಾರೆಯೇ? ವ್ಯಾಖ್ಯೆಗಳು, ವಿಧಗಳ ಪಟ್ಟಿ, ಅನುಕೂಲ-ಅನಾನುಕೂಲಗಳು, ಇತಿಹಾಸ, ಇವೆಲ್ಲ ಓದಿಗೆ ಹೋಗಲಿ. ಸವಕಳಿ (ಯಂತ್ರದ ಬೆಲೆಯನ್ನು ಅದರ ಬಳಕೆಯ ವರ್ಷಗಳಿಗೆ ಖರ್ಚಾಗಿ ಹಂಚುವುದು) ಎಂದರೆ ಹೊಸ ಯಂತ್ರಕ್ಕೆಂದು ತೆಗೆದಿಟ್ಟ ನಗದಲ್ಲ ಎಂಬಂಥ ಎಡವುವ ಜಾಗಗಳಿಗೆ ತರಗತಿಯ ಸಮಯ ಇರಲಿ. ಗಂಟೆಯ ಅವಧಿಯಾದರೆ ಮೊದಲ ಐದು ನಿಮಿಷ ಹಿಂದಿನದನ್ನು ನೆನಪಿಸುವ ಪ್ರಶ್ನೆಗಳು, ಹದಿನೈದು ನಿಮಿಷ ವಿವರಣೆ, ಏಳೆಂಟು ನಿಮಿಷ ಮೇಲೆ ಹೇಳಿದ ಬಗೆಯ ಪ್ರಶ್ನೆ, ಮತ್ತೆ ಹದಿನೈದು ನಿಮಿಷ ವಿವರಣೆ, ಹತ್ತು ನಿಮಿಷ ಅವರೇ ಒಂದು ಲೆಕ್ಕವನ್ನೋ ಪ್ರಕರಣವನ್ನೋ ಬಿಡಿಸುವುದು. ಉಳಿದದ್ದು ಹಾಜರಿ, ಗೊಂದಲ, ಮುಕ್ತಾಯಕ್ಕೆ ಹೋಗಿಯೇ ಹೋಗುತ್ತದೆ.

'ಓದಿಕೊಂಡು ಬನ್ನಿ' ಎಂದರೆ ಓದುವುದಿಲ್ಲ ಎಂಬ ಮಾತು ಎಲ್ಲೆಡೆ ಕೇಳುತ್ತೇವೆ. ಅದಕ್ಕೆ ಮುಖ್ಯ ಕಾರಣ ನಾವೇ: ಓದಿ ಬರಲು ಹೇಳಿದ್ದನ್ನೇ ತರಗತಿಯಲ್ಲಿ ಮತ್ತೆ ಪೂರ್ತಿ ಹೇಳುತ್ತೇವೆ. ಹೀಗಾದರೆ ಓದಿ ಬಂದವನೇ ದಡ್ಡನಾಗುತ್ತಾನೆ. ಎಂಟು-ಹತ್ತು ಪುಟಕ್ಕಿಂತ ಹೆಚ್ಚು ಕೊಡಬೇಡಿ, ಜೊತೆಗೆ ಮೂರು ಪ್ರಶ್ನೆ ಕೊಡಿ, ಮರುದಿನ ಆ ಮೂರರಿಂದಲೇ ಶುರು ಮಾಡಿ, ಓದಿದ ಭಾಗವನ್ನು ಮತ್ತೆ ಪಾಠ ಮಾಡಬೇಡಿ. ಮೊದಲ ಕೆಲವು ತರಗತಿಗಳು ಮುಜುಗರದವೇ. ಅಲ್ಲಿ ಸೋತು ಹಳೆಯ ದಾರಿಗೆ ಮರಳದಿದ್ದರೆ ಕ್ರಮೇಣ ದಾರಿಗೆ ಬರುತ್ತದೆ.

ಪ್ರಶ್ನೆ: ಪರೀಕ್ಷೆಯ ಹಿಂದಿನ ದಿನ ಓದಿ ಬರೆಯುತ್ತಾರೆ, ಮುಂದಿನ ಸೆಮಿಸ್ಟರಿಗೆ ಏನೂ ಉಳಿದಿರುವುದಿಲ್ಲ. ನೆನಪಿನಲ್ಲಿ ಉಳಿಸುವ ದಾರಿ ಇದೆಯೇ? — ಜೀವಶಾಸ್ತ್ರ ಉಪನ್ಯಾಸಕಿ

ಉತ್ತರ: ಇದೆ. ಈ ವಿಷಯದಲ್ಲಿ ಸಂಶೋಧನೆ ಬಹಳ ಗಟ್ಟಿಯಾಗಿದೆ. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಒಂದು ಚಿಕ್ಕ ಗದ್ಯಭಾಗವನ್ನು ಒಮ್ಮೆ ಓದಿದ ಮೇಲೆ ಮತ್ತೊಮ್ಮೆ ಓದಿದರು, ಇಲ್ಲವೇ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ನೋಡಿದರೆ ಮತ್ತೆ ಓದಿದವರೇ ಮುಂದು: ಶೇ. 81ಕ್ಕೆ ಶೇ. 75. ಒಂದು ವಾರದ ನಂತರ ತಿರುಗುಮುರುಗು: ಮತ್ತೆ ಓದಿದವರಿಗೆ ಶೇ. 42 ನೆನಪಿತ್ತು, ಬರೆದವರಿಗೆ ಶೇ. 56. ಪರೀಕ್ಷೆಯ ಹಿಂದಿನ ರಾತ್ರಿ ಮತ್ತೆ ಮತ್ತೆ ಓದುವುದನ್ನು ವಿದ್ಯಾರ್ಥಿಗಳು ಯಾಕೆ ಬಿಡುವುದಿಲ್ಲ ಎಂಬುದಕ್ಕೆ ಇಲ್ಲೇ ಉತ್ತರವಿದೆ. ತಕ್ಷಣಕ್ಕೆ ಅದು ಫಲ ಕೊಡುತ್ತದೆ. ಈ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು ಅವರಿಗೆ ತೋರಿಸಿ.

ನೀವು ಮಾಡಬೇಕಾದದ್ದು ಪ್ರತಿ ತರಗತಿಯ ಮೊದಲ ಐದು ನಿಮಿಷದ ಕೆಲಸ. ಮೂರು ಪ್ರಶ್ನೆ: ಒಂದು ಹಿಂದಿನ ತರಗತಿಯದ್ದು, ಒಂದು ಕಳೆದ ವಾರದ್ದು, ಒಂದು ತಿಂಗಳ ಹಿಂದಿನದು. ನೋಟ್ಸ್ ಮುಚ್ಚಿರಬೇಕು. ಮೂರು ನಿಮಿಷ ಬರೆಯಲಿ, ಎರಡು ನಿಮಿಷದಲ್ಲಿ ನೀವು ಉತ್ತರ ಹೇಳಿ, ಅವರೇ ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿಕೊಳ್ಳಲಿ. ನೀವು ಒಂದು ಹಾಳೆಯನ್ನೂ ಮನೆಗೆ ಒಯ್ಯುವ ಅಗತ್ಯವಿಲ್ಲ. ತಿಂಗಳ ಹಿಂದಿನ ಪ್ರಶ್ನೆಯನ್ನು ಬಿಡಬೇಡಿ. ಮರೆವು ಶುರುವಾದ ಮೇಲೆ ಕಷ್ಟಪಟ್ಟು ಹೊರತೆಗೆದದ್ದೇ ಹೆಚ್ಚು ಕಾಲ ನಿಲ್ಲುತ್ತದೆ.

ಪ್ರಶ್ನೆ 'ಮೈಟೊಕಾಂಡ್ರಿಯ ಎಂದರೇನು?' ಎಂಬ ಜಾತಿಯದ್ದೇ ಆದರೆ ಬಾಯಿಪಾಠವಷ್ಟೇ ಬೆಳೆಯುತ್ತದೆ. 'ಹೃದಯದ ಸ್ನಾಯುಕೋಶದಲ್ಲಿ ಮೈಟೊಕಾಂಡ್ರಿಯ ಯಾಕೆ ಅಷ್ಟೊಂದು? ಪಕ್ವವಾದ ಕೆಂಪು ರಕ್ತಕಣದಲ್ಲಿ ಒಂದೂ ಇಲ್ಲದಿದ್ದರೆ ಅದಕ್ಕೆ ಶಕ್ತಿ ಎಲ್ಲಿಂದ?' ಎಂದು ಕೇಳಿ. ಅಂಕವನ್ನು ಇಡದಿದ್ದರೂ ಸರಿ, ಇಟ್ಟರೆ ಒಟ್ಟಾರೆ ಅಂಕದ ಶೇ. 5ರಷ್ಟಿರಲಿ, ಅತಿ ಕಡಿಮೆ ಬಂದ ಎರಡನ್ನು ಲೆಕ್ಕದಿಂದ ತೆಗೆದುಹಾಕಿ. ಅಂಕ ಹೆಚ್ಚಾದಷ್ಟೂ ನಕಲು ಶುರುವಾಗುತ್ತದೆ. ನಕಲು ಮಾಡುವವನು ನೆನಪಿಸಿಕೊಳ್ಳುವುದಿಲ್ಲವಾದ್ದರಿಂದ ಇಡೀ ಕಸರತ್ತೇ ವ್ಯರ್ಥ. ಸರಿ ಉತ್ತರವನ್ನು ಅಂದೇ ಹೇಳದೆ ಬಿಡುವುದು ಇನ್ನೂ ಕೆಟ್ಟದ್ದು, ಬರೆದ ತಪ್ಪೇ ತಲೆಯಲ್ಲಿ ಕೂರುತ್ತದೆ.

ಪ್ರಶ್ನೆ: ಬೋರ್ಡಿನ ಮೇಲೆ ನಾನು ಬಿಡಿಸಿದ ಲೆಕ್ಕ ಎಲ್ಲರಿಗೂ ತಿಳಿಯುತ್ತದೆ. ಅಧ್ಯಾಯದ ಕೊನೆಯ ಲೆಕ್ಕಗಳನ್ನೂ ಮಾಡುತ್ತಾರೆ. ಪರೀಕ್ಷೆಯಲ್ಲಿ ಮಾತ್ರ ಯಾವ ಲೆಕ್ಕಕ್ಕೆ ಯಾವ ವಿಧಾನ ಎಂದೇ ಹೊಳೆಯುವುದಿಲ್ಲ. — ಸಂಖ್ಯಾಶಾಸ್ತ್ರ ಉಪನ್ಯಾಸಕರು

ಉತ್ತರ: ತೊಂದರೆಯ ಜಾಗವನ್ನು ನೀವೇ ತೋರಿಸಿದ್ದೀರಿ. 'ಜೋಡಿ ಟಿ-ಪರೀಕ್ಷೆ' (ಜೋಡಿ ಜೋಡಿಯಾಗಿ ಪಡೆದ ಅಳತೆಗಳ ಸರಾಸರಿ ವ್ಯತ್ಯಾಸವನ್ನು ಪರೀಕ್ಷಿಸುವ ವಿಧಾನ) ಎಂಬ ಅಧ್ಯಾಯದ ಕೊನೆಯ ಹತ್ತೂ ಲೆಕ್ಕಗಳಿಗೆ ಜೋಡಿ ಟಿ-ಪರೀಕ್ಷೆಯೇ ಉತ್ತರ. ವಿಧಾನ ಆರಿಸುವ ಅಭ್ಯಾಸ ಅವರಿಗೆ ಒಮ್ಮೆಯೂ ಆಗಿಲ್ಲ. ಪರೀಕ್ಷೆ ಕೇಳುವುದು ಅದನ್ನೇ.

ರೋರರ್ ಮತ್ತು ಟೇಲರ್ 2007ರಲ್ಲಿ ಪ್ರಕಟಿಸಿದ ಗಣಿತದ ಪ್ರಯೋಗ ನೋಡಿ. ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡಿದವರು ಅಭ್ಯಾಸದ ವೇಳೆ ಶೇ. 89 ಸರಿ ಮಾಡಿದರು, ಬಗೆಬಗೆಯವನ್ನು ಬೆರೆಸಿ ಮಾಡಿದವರು ಶೇ. 60. ವಾರ ಕಳೆದು ಪರೀಕ್ಷಿಸಿದಾಗ ಮೊದಲಿನವರು ಶೇ. 20ಕ್ಕೆ ಇಳಿದರು, ಬೆರೆಸಿ ಮಾಡಿದವರು ಶೇ. 63ರಲ್ಲಿದ್ದರು. ಅಭ್ಯಾಸದ ಹೊತ್ತಿನ ಸಲೀಸನ್ನು ಕಲಿಕೆ ಎಂದು ನಂಬಿದರೆ ಹೀಗೆ ಮೋಸಹೋಗುತ್ತೇವೆ.

ಆದ್ದರಿಂದ ವಾರಕ್ಕೊಮ್ಮೆ 'ಲೆಕ್ಕ ಮಾಡಬೇಡಿ, ವಿಧಾನ ಮಾತ್ರ ಹೇಳಿ' ಎಂಬ ಹಾಳೆ ಕೊಡಿ. ಇಪ್ಪತ್ತು ರೋಗಿಗಳ ರಕ್ತದೊತ್ತಡವನ್ನು ಔಷಧಿಗೆ ಮುಂಚೆ ಒಮ್ಮೆ, ನಂತರ ಒಮ್ಮೆ ಅಳೆದಿದ್ದಾರೆ. ಔಷಧಿ ಪಡೆದ ಇಪ್ಪತ್ತು ಜನರ ಮತ್ತು ಪಡೆಯದ ಬೇರೆ ಇಪ್ಪತ್ತು ಜನರ ರಕ್ತದೊತ್ತಡ ಅಳೆದಿದ್ದಾರೆ. ಒತ್ತಡ ತಗ್ಗಿದವರೆಷ್ಟು, ತಗ್ಗದವರೆಷ್ಟು ಎಂದು ಎರಡೂ ಗುಂಪುಗಳಲ್ಲಿ ಎಣಿಸಿದ್ದಾರೆ. ಮೂರರ ಕಥೆಯೂ ಹತ್ತಿರ ಹತ್ತಿರ, ವಿಧಾನ ಮೂರೂ ಬೇರೆ: ಜೋಡಿ ಟಿ-ಪರೀಕ್ಷೆ, ಸ್ವತಂತ್ರ ಗುಂಪುಗಳ ಟಿ-ಪರೀಕ್ಷೆ, ಕೈ-ವರ್ಗ (chi-square) ಪರೀಕ್ಷೆ. ಪ್ರತಿಯೊಂದರ ಮುಂದೆ ವಿಧಾನದ ಹೆಸರು, ಪಕ್ಕದಲ್ಲಿ 'ಯಾಕೆಂದರೆ' ಎಂದು ಒಂದು ಸಾಲು ಬರೆಯಲಿ. ಎರಡನೆಯದಕ್ಕೆ ಜೋಡಿ ಪರೀಕ್ಷೆ ಎಂದವರನ್ನು 'ಈ ಗುಂಪಿನ ಮೊದಲನೆಯವರಿಗೆ ಆ ಗುಂಪಿನಲ್ಲಿ ಜೋಡಿ ಯಾರು?' ಎಂದು ಕೇಳಿದರೆ ಸಾಕು. ಹಾಳೆಯಲ್ಲಿ ಹನ್ನೆರಡು ಸನ್ನಿವೇಶಗಳಿದ್ದರೆ ನಾಲ್ಕಾದರೂ ಹಳೆಯ ಘಟಕಗಳವು ಇರಲಿ.

ಹಾಗೆಂದು ಹೊಸ ವಿಧಾನ ಕಲಿಸಿದ ದಿನವೇ ಬೆರೆಸಬೇಡಿ. ಅಂದು ಬೇಕಾದದ್ದು ಬಿಡಿಸಿದ ಉದಾಹರಣೆಗಳು. ಮೊದಲನೆಯದನ್ನು ನೀವು ಪೂರ್ತಿ ಬಿಡಿಸಿ, ಪ್ರತಿ ಹೆಜ್ಜೆಗೆ ಕಾರಣವನ್ನು ಅವರು ಬರೆಯಲಿ. ಎರಡನೆಯದರ ಕೊನೆಯ ಹೆಜ್ಜೆ ಖಾಲಿ ಬಿಡಿ. ಮೂರನೆಯದರಲ್ಲಿ ಕೊನೆಯ ಎರಡು. ನಾಲ್ಕನೆಯದು ಪೂರ್ತಿ ಅವರದ್ದೇ. ಆರಂಭದವರನ್ನು ನೇರವಾಗಿ ಪೂರ್ತಿ ಲೆಕ್ಕಕ್ಕೆ ದೂಡಿದರೆ ಸೂತ್ರ ಹುಡುಕುವುದರಲ್ಲೇ ತಲೆ ತುಂಬಿಹೋಗಿ, ಹೆಜ್ಜೆಗಳ ಹಿಂದಿನ ತರ್ಕಕ್ಕೆ ಜಾಗ ಉಳಿಯುವುದಿಲ್ಲ. ಚೆನ್ನಾಗಿ ಬರುವವರಿಗೆ ಮಾತ್ರ ಈ ಮೆಟ್ಟಿಲುಗಳು ಬೇಡ, ಅವರಿಗೆ ಅದು ಅಡ್ಡಿಯೇ. ನೇರ ನಾಲ್ಕನೆಯದಕ್ಕೆ ಕಳಿಸಿ.

ಪ್ರಶ್ನೆ: ಗುಂಪು ಅಸೈನ್‌ಮೆಂಟಿನಲ್ಲಿ ಒಬ್ಬರು ದುಡಿಯುತ್ತಾರೆ, ಉಳಿದವರು ಹೆಸರು ಸೇರಿಸುತ್ತಾರೆ.

ಉತ್ತರ: ಕೆಲಸವನ್ನು ಹಂಚಿ ಪಿನ್ ಹೊಡೆದು ಒಪ್ಪಿಸಬಹುದಾದರೆ ಹಾಗೆಯೇ ಆಗುತ್ತದೆ. 'ಈ ವಿಷಯದ ಮೇಲೆ ವರದಿ ಬರೆಯಿರಿ' ಎನ್ನುವ ಬದಲು 'ಈ ಮೂರರಲ್ಲಿ ಒಂದನ್ನು ಆರಿಸಿ, ಉಳಿದೆರಡು ಯಾಕಲ್ಲ ಎಂದು ಒಂದು ಪುಟದಲ್ಲಿ ಹೇಳಿ' ಎನ್ನಿ, ನಿರ್ಧಾರವನ್ನು ಹಂಚಿಕೊಂಡು ಬರೆಯಲಾಗದು. ಗುಂಪಿನಲ್ಲಿ ಮೂರು ಅಥವಾ ನಾಲ್ಕು ಜನ ಇರಲಿ. ಕೂಡುವ ಮುಂಚೆ ಪ್ರತಿಯೊಬ್ಬರೂ ಐದು ನಿಮಿಷ ಒಂಟಿಯಾಗಿ ಬರೆದು ಆ ಹಾಳೆಯನ್ನೂ ಒಪ್ಪಿಸಬೇಕು. ಮಂಡಿಸುವವರು ಯಾರೆಂದು ಮೊದಲೇ ಗೊತ್ತಿರಬಾರದು, ಆ ಕ್ಷಣದಲ್ಲಿ ಚೀಟಿ ಎತ್ತಿ. ಅರ್ಧ ಅಂಕ ವೈಯಕ್ತಿಕವಾಗಿರಲಿ.

ಪ್ರಶ್ನೆ: 120 ಅಸೈನ್‌ಮೆಂಟ್ ತಿದ್ದುತ್ತೇನೆ, ಅಂಚಿನ ತುಂಬ ಟಿಪ್ಪಣಿ ಬರೆಯುತ್ತೇನೆ. ಅವರು ಅಂಕ ನೋಡಿ ಮಡಚಿಡುತ್ತಾರೆ. ಮುಂದಿನ ಸಲವೂ ಅವೇ ತಪ್ಪುಗಳು. — ಇತಿಹಾಸ ಉಪನ್ಯಾಸಕಿ

ಉತ್ತರ: ಅಂಕವೂ ಟಿಪ್ಪಣಿಯೂ ಒಟ್ಟಿಗೆ ಬಂದರೆ ಕಣ್ಣು ಅಂಕಕ್ಕೇ ಹೋಗುತ್ತದೆ. ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಟಿಪ್ಪಣಿ ಪಡೆದವರ ಆಸಕ್ತಿ ಉಳಿಯಿತು, ಅಂಕವನ್ನೂ ಸೇರಿಸಿಕೊಟ್ಟಾಗ ಕುಗ್ಗಿತು. ಅದು ಶಾಲಾ ಮಕ್ಕಳ ಮೇಲಿನ ಅಧ್ಯಯನ, ಆದರೆ ನೀವು ಹೇಳುತ್ತಿರುವುದೂ ಅದನ್ನೇ.

ಕ್ರಮ ಬದಲಿಸಿ. ಮೊದಲು ಇಪ್ಪತ್ತು ಹಾಳೆಗಳನ್ನು ಬೇಗ ಓದಿ, ಸಾಮಾನ್ಯ ತಪ್ಪುಗಳ ಪಟ್ಟಿ ಮಾಡಿ. ಆರು ಅಥವಾ ಏಳಕ್ಕಿಂತ ಹೆಚ್ಚು ಸಿಗುವುದಿಲ್ಲ. ನಿಮ್ಮ ವಿಷಯದಲ್ಲಿ ಬಹುಶಃ ಹೀಗಿರುತ್ತವೆ: 1, ಹೇಳಿಕೆಗೆ ಪುರಾವೆ ಇಲ್ಲ. 2, ಘಟನೆ ಹೇಳಿದ್ದೀರಿ, ಕಾರಣ ಹೇಳಿಲ್ಲ. 3, ಮೂಲದಲ್ಲಿ ಬರೆದದ್ದನ್ನು ಪ್ರಶ್ನಿಸದೆ ಒಪ್ಪಿದ್ದೀರಿ. 4, ಈ ಪ್ಯಾರಾ ಪ್ರಶ್ನೆಗೆ ಸಂಬಂಧಿಸಿಲ್ಲ. ನಂತರ ಎಲ್ಲ ಹಾಳೆಗಳ ಅಂಚಿನಲ್ಲಿ ಸಂಖ್ಯೆ ಮಾತ್ರ ಹಾಕುತ್ತ ಹೋಗಿ. ಕೊನೆಯಲ್ಲಿ 'ಮುಂದಿನ ಸಲ ಇದೊಂದನ್ನು ಸರಿಮಾಡಿ' ಎಂದು ಒಂದೇ ಸಾಲು ಬರೆಯಿರಿ. ಒಂದಕ್ಕೆ ಐದು ನಿಮಿಷದಂತೆ ಹತ್ತು ಗಂಟೆ ಹಿಡಿಯುತ್ತಿದ್ದ ಕೆಲಸ, ಎರಡು ನಿಮಿಷದಂತೆ ನಾಲ್ಕು ಗಂಟೆಗೆ ಇಳಿಯುತ್ತದೆ.

ಹಾಳೆಗಳನ್ನು ಅಂಕವಿಲ್ಲದೆ ಮರಳಿಸಿ, ತಪ್ಪುಗಳ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆಯಿರಿ. ಹದಿನೈದು ನಿಮಿಷದಲ್ಲಿ ಪ್ರತಿಯೊಬ್ಬರೂ ಗುರುತು ಬಿದ್ದ ಒಂದು ಪ್ಯಾರಾವನ್ನು ತಿದ್ದಿ ಬರೆಯಲಿ. ತಿದ್ದಿದ್ದನ್ನು ಒಪ್ಪಿಸಿದವರಿಗೆ ಅಂಕ ತಿಳಿಸಿ. ಈ ಹದಿನೈದು ನಿಮಿಷವನ್ನು ಉಳಿಸಲು ಹೋದರೆ ನಾಲ್ಕು ಗಂಟೆಯೂ ನೀರಿನಲ್ಲಿ ಹೋಮ.

ಪ್ರಶ್ನೆ: ಹೊಸ ಪದ್ಧತಿ ಶುರು ಮಾಡಿದ ಮೇಲೆ 'ಮೇಡಂ ಪಾಠವೇ ಮಾಡುವುದಿಲ್ಲ, ನಮ್ಮ ಕೈಲೇ ಎಲ್ಲ ಮಾಡಿಸುತ್ತಾರೆ' ಎಂದು ವಿಭಾಗದ ಮುಖ್ಯಸ್ಥರಿಗೆ ದೂರು ಹೋಗಿದೆ. — ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕಿ

ಉತ್ತರ: ಧೈರ್ಯಗೆಡಬೇಡಿ. ಹಾರ್ವರ್ಡಿನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇದೇ ಕಂಡಿತು. ತಾವೇ ಬಿಡಿಸಿ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ 'ಕಡಿಮೆ ಕಲಿತೆವು' ಎಂದು ಹೇಳಿಕೊಂಡರು. ಸಲೀಸಾದ ಉಪನ್ಯಾಸ ಕೇಳಿದವರಿಗೆ ಕಲಿತೆವೆಂಬ ಭಾವನೆ ಹೆಚ್ಚು, ಕಲಿಕೆ ಕಡಿಮೆ. ತಲೆ ತಿನ್ನುವ ಶ್ರಮವನ್ನು ಅವರು 'ತಿಳಿಯುತ್ತಿಲ್ಲ' ಎಂದು ಓದಿಕೊಳ್ಳುತ್ತಾರೆ.

ಇದನ್ನು ಅವರಿಗೇ ಹೇಳಿ, ಮೊದಲ ವಾರದಲ್ಲೇ, ಹತ್ತು ನಿಮಿಷ ತೆಗೆದು. ಎಲ್ಲವನ್ನೂ ಒಂದೇ ಸಲ ಬದಲಿಸಿದ್ದರೆ ಎರಡು ಹೆಜ್ಜೆ ಹಿಂದೆ ಬನ್ನಿ: ವಾರಕ್ಕೆ ಎರಡು ಪ್ರಶ್ನೆ, ಪ್ರತಿ ತರಗತಿಗೆ ಐದು ನಿಮಿಷದ ನೆನಪು, ಇಷ್ಟೇ. ನಾಲ್ಕನೆಯ ವಾರದಲ್ಲಿ ಹೆಸರಿಲ್ಲದ ಚೀಟಿಯಲ್ಲಿ ಎರಡು ಉತ್ತರ ಕೇಳಿ: ಕಲಿಯಲು ಏನು ನೆರವಾಗುತ್ತಿದೆ, ಏನು ಅಡ್ಡಿಯಾಗುತ್ತಿದೆ? ಮುಂದಿನ ತರಗತಿಯಲ್ಲೇ 'ಇದನ್ನು ಬದಲಿಸುತ್ತೇನೆ, ಇದನ್ನು ಬದಲಿಸುವುದಿಲ್ಲ, ಕಾರಣ ಇದು' ಎಂದು ತಿಳಿಸಿ. ಚೀಟಿ ಸಂಗ್ರಹಿಸಿ ಸುಮ್ಮನಾದರೆ ಕೇಳದೇ ಇದ್ದದ್ದಕ್ಕಿಂತ ಕೆಟ್ಟದ್ದು. ಮುಖ್ಯಸ್ಥರಿಗೆ ತೋರಿಸಲು ಈ ಚೀಟಿಗಳ ಸಾರಾಂಶವೂ, ಐದು ನಿಮಿಷದ ಪ್ರಶ್ನೆಗಳಲ್ಲಿ ವಾರದಿಂದ ವಾರಕ್ಕೆ ಸರಿ ಉತ್ತರಗಳು ಹೇಗೆ ಬದಲಾಗಿವೆ ಎಂಬ ಲೆಕ್ಕವೂ ನಿಮ್ಮ ಬಳಿ ಇರಲಿ.

ಪ್ರಶ್ನೆ: ಸ್ಲೈಡುಗಳನ್ನು ತರಗತಿಗೆ ಮುಂಚೆ ಕೊಡಬೇಕೇ, ನಂತರವೇ?

ಉತ್ತರ: ಮುಂಚೆಯೇ ಕೊಡಿ, ಆದರೆ ಪೂರ್ತಿಯಲ್ಲ. ಶೀರ್ಷಿಕೆಗಳು, ಚಿತ್ರಗಳು, ಲೆಕ್ಕದ ದತ್ತಾಂಶ ಇರಲಿ. ತೀರ್ಮಾನ, ಚಿತ್ರದ ಭಾಗಗಳ ಹೆಸರು, ಬಿಡಿಸುವ ಹೆಜ್ಜೆಗಳ ಜಾಗ ಖಾಲಿ ಇರಲಿ. ಪೂರ್ತಿ ಕೊಟ್ಟರೆ ಪೆನ್ನು ಕೆಳಗಿಡುತ್ತಾರೆ, ಏನೂ ಕೊಡದಿದ್ದರೆ ಕಾಪಿ ಮಾಡುವುದರಲ್ಲಿ ನಿಮ್ಮ ಮಾತು ತಪ್ಪಿಹೋಗುತ್ತದೆ. ದೃಷ್ಟಿ ಅಥವಾ ಶ್ರವಣದ ತೊಂದರೆ ಇರುವವರಿಗೆ, ಬೇರೆ ಮಾಧ್ಯಮದಲ್ಲಿ ಓದಿ ಬಂದವರಿಗೆ ಪೂರ್ತಿ ಸ್ಲೈಡುಗಳನ್ನು ಮುಂಚೆಯೇ, ಉಳಿದವರ ಎದುರು ಎತ್ತಿ ಹೇಳದೆ ಕೊಡಿ.